ಫೀಸು ತಿಂದವನು

ಗಡಿಯಲ್ಲಿ ನೆಲಬಾಂಬು ಸಿಡಿದು ಬಲಗಾಲು ಕಳೆದುಕೊಂಡು ಬಂದ ಗಂಡನ ಸಣ್ಣ ಪಿಂಚಣಿಗೆ ತನ್ನ ಹೊಲಿಗೆಯ ದುಡಿಮೆ ಸೇರಿಸಿ ದರ್ಜಿ ಹೆಂಗಸು ಹನ್ನೊಂದು ವರ್ಷ ಮನೆ ನಡೆಸಿದ್ದಳು. ಯಾರ ಮುಂದೆಯೂ ಕೈ ಚಾಚಿದವಳಲ್ಲ. ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಾಗ, ಅಂಗವಿಕಲ ಸೈನಿಕರ ಮಕ್ಕಳ ಫೀಸು ಸರ್ಕಾರವೇ ಕಟ್ಟುತ್ತದೆಂದು ಕೇಳಿ, ಗಂಡನೊಡನೆ ಸೈನಿಕ ಕಲ್ಯಾಣ ಕಚೇರಿಗೆ ಹೋದಳು.

ಗುಮಾಸ್ತ ಕಡತದಿಂದ ತಲೆ ಎತ್ತಲಿಲ್ಲ. "ಕಾಲು ಗಡೀಲೇ ಹೋಯ್ತು ಅಂತ ಏನು ಗ್ಯಾರಂಟಿ? ಕುಡಿದು ಬಸ್ಸಿನಡಿ ಬಿದ್ದೋರೂ ಬರ್ತಾರೆ ಇಲ್ಲಿಗೆ."

ಕಾಗದ ತೆಗೆಯಲು ಜೇಬಿಗೆ ಹೋಗಿದ್ದ ಗಂಡನ ಕೈ ಅಲ್ಲೇ ನಿಂತಿತು.

ಆಮೇಲೂ ನಾಲ್ಕು ಸಲ ಅಲೆಸಿ, ಕೊನೆಗೆ ಗುಮಾಸ್ತ "ಈ ವರ್ಷದ ಕೋಟಾ ಮುಗೀತು" ಎಂದ. ಸೀಟು ಕೈ ತಪ್ಪಿತು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಅದಕ್ಕಿಂತಲೂ ಗಂಡನ ಆ ನಿಂತ ಕೈ ದರ್ಜಿಯ ಎದೆಯಲ್ಲಿ ಮುರಿದ ಸೂಜಿಯಂತೆ ಕೂತುಬಿಟ್ಟಿತು.

ಕೆಲವು ತಿಂಗಳ ಮೇಲೆ ಒಬ್ಬ ಹೆಂಗಸು ಮಗಳಿಗೆ ಕಾಲೇಜಿನ ಕೋಟು ಹೊಲಿಸಲು ಅಂಗಡಿಗೆ ಬಂದಳು. ಬಾಯಿ ಸುಮ್ಮನಿರುವ ಜಾತಿಯದಲ್ಲ.

"ನಮ್ಮೋರು ಸೈನಿಕ ಕಲ್ಯಾಣ ಕಚೇರೀಲಿ ಈ ಫೀಸಿನ ಅರ್ಜಿ ನೋಡೋ ಗುಮಾಸ್ತರು. ಇವಳ ಫೀಸಿಗೆ ನಾವು ಒಂದು ಪೈಸೆ ಕಟ್ಟಿಲ್ಲ."

"ಅವರೂ ಮಿಲಿಟರೀಲಿದ್ರಾ ಅಕ್ಕ?"

"ಅಯ್ಯೋ, ಎಲ್ಲಿಂದ! ನನ್ನ ಮೈದುನ ಇದ್ದ, ಕಣ್ಣು ಕಳ್ಕೊಂಡು ಬಂದ. ಹೆಂಡ್ತಿ ಮಕ್ಕಳು ಯಾರೂ ಇಲ್ಲ. ಇವಳನ್ನೇ ಅವನ ಮಗಳು ಅಂತ ಬರೆಸಿಬಿಟ್ರು."

"ಅಮ್ಮಾ, ಸುಮ್ನಿರು," ಎಂದಳು ಹುಡುಗಿ.

ದರ್ಜಿಯ ಕೈಯಲ್ಲಿ ಟೇಪು ಅಲುಗಲಿಲ್ಲ. "ಒಳ್ಳೇದಾಯ್ತು ಬಿಡಿ ಅಕ್ಕ," ಎಂದು ನಕ್ಕು, ಬಿಲ್ಲಿಗೆ ಬೇಕೆಂದು ಹುಡುಗಿಯ ಪೂರ್ತಿ ಹೆಸರು, ಕಾಲೇಜು, ಕ್ಲಾಸು ಬರೆದುಕೊಂಡಳು. ಕೋಟನ್ನು ಎಲ್ಲೂ ಸುಕ್ಕು ಬಾರದಂತೆ ಹೊಲಿದುಕೊಟ್ಟಳು.

ಆದರೆ ಅವಸರ ಮಾಡಲಿಲ್ಲ. ಎರಡನೇ ಕಂತಿನ ಫೀಸೂ ಪಾವತಿಯಾಗಲಿ, ಕಳ್ಳತನ ಎರಡಾಗಲಿ ಎಂದು ಕಾದಳು. ಆಮೇಲೆ ಲಂಚ ತನಿಖೆಯವರಿಗೆ, ಕಾಲೇಜಿಗೆ, ಗಂಡನ ಹಳೆಯ ಮೇಜರಿಗೆ ಪತ್ರ ಬರೆದಳು. ಮೂರಕ್ಕೂ ದಪ್ಪಕ್ಷರದಲ್ಲಿ ತನ್ನ ಹೆಸರು, ವಿಳಾಸ ಹಾಕಿದಳು. ಹೊಡೆದವರು ಯಾರೆಂದು ಗುಮಾಸ್ತನಿಗೆ ತಿಳಿಯಲೇಬೇಕಿತ್ತು.

ತನಿಖೆಯಲ್ಲಿ ಅಂಥ ಒಂಬತ್ತು ಸುಳ್ಳು ಮಕ್ಕಳು ಸಿಕ್ಕರು. ಗುಮಾಸ್ತನ ಕೆಲಸ ಹೋಯಿತು, ಮೇಲೆ ಕೋರ್ಟು ಕೇಸು. ಅವನ ಮಗಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ತಿರಸ್ಕರಿಸಿದ್ದ ಅರ್ಜಿಗಳನ್ನೆಲ್ಲ ಮತ್ತೆ ತೆಗೆದರು. ದರ್ಜಿಯ ಮಗಳಿಗೆ ಮುಂದಿನ ಸಾಲಿಗೆ ಸೀಟೂ ಫೀಸೂ ಮಂಜೂರಾದವು.

ಗುಮಾಸ್ತನ ಹೆಂಡತಿ ಅಂಗಡಿ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ನಿನ್ನ ಕೈ ಸೇದುಹೋಗ! ಅಕ್ಕ ಅಕ್ಕ ಅಂತಲೇ ಕತ್ತು ಕೊಯ್ದೆಯಲ್ಲೇ!"

"ಕೊಯ್ದಿದ್ದು ನಿಮ್ಮ ಯಜಮಾನ್ರು. ನಾನು ಊರಿಗೆ ತೋರಿಸ್ದೆ ಅಷ್ಟೆ," ಎಂದಳು ದರ್ಜಿ, ಮಿಷಿನ್ನು ನಿಲ್ಲಿಸದೆ.

ಊಟಕ್ಕೆ ಕೂತಾಗ ಗಂಡ ಕೇಳಿದ, "ಆ ಹುಡುಗಿ ಏನು ಪಾಪ ಮಾಡಿದ್ಲು?"

"ನಮ್ಮವಳು ಏನು ಮಾಡಿದ್ಲು?"

ಅವನು ಅರ್ಧಕ್ಕೇ ಎದ್ದು ಕೈ ತೊಳೆದ. ಅವಳು ಮಾತ್ರ ಎಷ್ಟೋ ತಿಂಗಳ ಮೇಲೆ ಎರಡನೇ ಸಲ ಬಡಿಸಿಕೊಂಡು, ನಿಧಾನವಾಗಿ, ಹೊಟ್ಟೆ ತುಂಬ ಉಂಡಳು.