ಬಲಗಡೆ, ಕೆಳಗೆ

ನನ್ನ ಬಾಯಿ ಜೋರು. ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರನ್ನು ಬೈದು ಬೈದು ಹಾಗಾಗಿದೆ. “ರೋಗೀನ ಎಬ್ಬಿಸಿ ಕೂರಿಸಿ, ಬೆನ್ನಿನ ಕಡೆ ಕೇಳಿ. ಶ್ವಾಸಕೋಶದ ಕೆಳಭಾಗ ಇರೋದೇ ಹಿಂದೆ. ಮುಂದೆ ಮಾತ್ರ ಸ್ಟೆತಾಸ್ಕೋಪ್ ಇಟ್ಟು ಸರಿ ಇದೆ ಅಂತ ಬರೆಯೋರಿಗೆ ನಾಚಿಕೆ ಆಗ್ಬೇಕು!” ಎಂದು ನಾನು ಕೂಗಾಡದ ದಿನವಿಲ್ಲ.

ಅವತ್ತು ಹಾಗೆ ಬರೆದವಳು ನಾನೇ.

ಆತ ಟೈಲ್ಸ್ ಹಾಕುವ ಮೇಸ್ತ್ರಿ. ಏಣಿಯಿಂದ ಬಿದ್ದು ಬಲಗಡೆ ಎರಡು ಪಕ್ಕೆಲುಬು ಮುರಿದುಕೊಂಡಿದ್ದ. ಬಂದ ದಿನದ ಎಕ್ಸ್‌ರೇಯಲ್ಲಿ ಶ್ವಾಸಕೋಶ ಚೆನ್ನಾಗಿಯೇ ಇತ್ತು. ನಾಲ್ಕನೆಯ ದಿನ, ಸಂಜೆ ನಾಲ್ಕಕ್ಕೆ ಮನೆಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಬೆಳಿಗ್ಗೆ ಎಬ್ಬಿಸಹೋದರೆ ಜೀವ ಹೋದಂತೆ ನರಳಿದ. ಪಾಪ ಅನ್ನಿಸಿತು. ಇನ್ನೂ ಹನ್ನೊಂದು ಹಾಸಿಗೆ ಬಾಕಿ ಇದ್ದದ್ದೂ ನಿಜ. ಮಲಗಿದ ಹಾಗೆಯೇ ಎದೆಯ ಮೇಲೆ ನಾಲ್ಕು ಕಡೆ ಕೇಳಿ, “ಮುಂದೆ, ಹಿಂದೆ, ಎರಡೂ ಕಡೆ ಸರಿ” ಎಂದು ಬರೆದೆ.

ಮೇಸ್ತ್ರಿಯ ಹೆಂಡತಿಯೂ ಅದೇ ಕೆಲಸದವಳು. ಗಂಡ ಕೂರಿಸಿದ ಟೈಲ್ಸನ್ನು ತಟ್ಟಿ ನೋಡಿ ಸಂದು ತುಂಬುವವಳು. ಪೆನ್ನು ಮುಚ್ಚುವಾಗ ಅವಳು ಖುಷಿಯಿಂದ ಅಂದಳು:

“ಸಿಸ್ಟರ್, ಬೆನ್ನು ಒರೆಸುವಾಗ ನಾನೂ ಮೆಲ್ಲಗೆ ತಟ್ಟಿ ನೋಡ್ದೆ. ಮೊನ್ನೆ ಎಲ್ಲಾ ಕಡೆ ಪೊಳ್ಳು ಸದ್ದು ಬರ್ತಿತ್ತು. ಇವತ್ತು ಬಲಗಡೆ ಕೆಳಗೆ ಗಟ್ಟಿ ಆಗಿದೆ.”

“ಎಡಗಡೇನೂ ನಿಧಾನಕ್ಕೆ ಆಗುತ್ತೆ ಬಿಡು,” ಎಂದ ಮೇಸ್ತ್ರಿ.

“ಗಂಡನನ್ನೂ ನೆಲ ಮಾಡಿಬಿಟ್ಯಲ್ಲಮ್ಮ!” ಎಂದು ನಕ್ಕು ಮುಂದಿನ ಹಾಸಿಗೆಗೆ ಹೋದೆ.

ಎರಡು ಗಂಟೆಗೆ ಡ್ಯೂಟಿ ಮುಗಿಸಿ ಮನೆಗೆ ಬಂದರೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ತಟ್ಟೆಯಲ್ಲಿ ಬಡಿಸಿಕೊಂಡದ್ದು ಹಾಗೆಯೇ ಆರಿತು. ಬರೆದ ಸುಳ್ಳು ತಲೆಯಿಂದ ಹೋಗಲಿಲ್ಲ. ಅಡುಗೆಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದೆ. ಕಿಟಕಿಯ ಬಳಿಯ ಟೈಲು ಪ್ರತಿ ಸಲವೂ ಡಬ್ ಡಬ್ ಅಂದಿತು.

“ಅದರ ಮೇಲೆ ಕುಣೀಬೇಡ್ವೇ,” ಎಂದು ಅತ್ತೆ ಒಳಗಿನಿಂದ ಗದರಿದರು. “ಕೆಳಗೆ ಪೊಳ್ಳು. ಒಡೆದು ಹೋಗುತ್ತೆ!”

ಆ ಟೈಲಿನ ಮೇಲೇ ನಿಂತುಬಿಟ್ಟೆ. ಟೈಲ್ಸಿನವರಿಗೆ ಪೊಳ್ಳು ಎಂದರೆ ಕೆಟ್ಟ ಕೆಲಸ, ಗಟ್ಟಿ ಎಂದರೆ ಒಳ್ಳೆಯದು. ಎದೆಗೂಡಿನ ಲೆಕ್ಕವೇ ಬೇರೆ. ಗಾಳಿ ತುಂಬಿದ ಶ್ವಾಸಕೋಶ ಪೊಳ್ಳಾಗಿಯೇ ಕೇಳಬೇಕು. ಗಟ್ಟಿ ಕೇಳಿದರೆ ಅಲ್ಲಿ ಗಾಳಿಯಿಲ್ಲ. ಮುರಿದ ಪಕ್ಕೆಲುಬಿನವನಿಗಾದರೆ ರಕ್ತ ನಿಂತಿರಬಹುದು. ಆ ಹೆಂಗಸು ನನಗೆ ರೋಗವನ್ನೇ ಹೇಳಿದ್ದಳು, ಸಂತೋಷದಿಂದ!

ವಾರ್ಡಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಚಪ್ಪಲಿ ಮೆಟ್ಟಿ ಓಡಿದೆ. ಆಟೋದವನನ್ನು ದಾರಿಯುದ್ದಕ್ಕೂ ಬೈದೆ, ಕೆಂಪು ದೀಪ ಅವನದೇ ತಪ್ಪೇನೋ ಅನ್ನುವ ಹಾಗೆ.

ಆಸ್ಪತ್ರೆಯ ಗೇಟಿನಲ್ಲಿ ಮೇಸ್ತ್ರಿ ಗಾಡಿ ಹತ್ತಲು ಒಂದು ಕಾಲು ಎತ್ತಿದ್ದ. ಉಸಿರು ಚಿಕ್ಕದಾಗಿ, ಬೇಗ ಬೇಗ ಬರುತ್ತಿತ್ತು.

“ಇಳೀರಿ!” ಎಂದೆ.

ಕಾವಲುಗಾರನ ಸ್ಟೂಲಿನ ಮೇಲೆ ಕೂರಿಸಿ, ಅವನ ಬಟ್ಟೆಯ ಗಂಟನ್ನೇ ಎದೆಗವಚಿಕೊಳ್ಳಲು ಹೇಳಿದೆ. ಹಾಗೆ ಮಾಡಿದರೆ ಹೆಗಲಮೂಳೆಗಳು ಪಕ್ಕಕ್ಕೆ ಸರಿಯುತ್ತವೆ. ನರಳಿದ, ಈ ಸಲ ನಾನು ಬಿಡಲಿಲ್ಲ. ಬೆನ್ನಿಗೆ ಕಿವಿಯಿಟ್ಟು ಕೇಳಿದೆ. ಎಡಗಡೆ ಉಸಿರು ತಳದವರೆಗೂ ಇಳಿಯುತ್ತಿತ್ತು. ಬಲಗಡೆ ಕೆಳಗೆ ಏನೂ ಇಲ್ಲ. ಎಡಗೈ ಬೆರಳನ್ನು ಬೆನ್ನಿಗೊತ್ತಿ, ಅದರ ಮೇಲೆ ಬಲಗೈ ಬೆರಳಿನಿಂದ ತಟ್ಟಿದೆ. ಕಲ್ಲನ್ನು ತಟ್ಟಿದ ಹಾಗಿತ್ತು.

“ಗಟ್ಟಿ ಇದೆ ಅಲ್ವಾ?” ಎಂದು ಮೇಸ್ತ್ರಿ ಆಸೆಯಿಂದ ಕೇಳಿದ.

“ಇದೆ. ಇರಬಾರದಿತ್ತು. ವಾಪಸ್ ಒಳಗೆ ನಡೀರಿ.”

ಅರ್ಧ ಗಂಟೆಯಲ್ಲಿ ಪಕ್ಕೆಯಿಂದ ಕೊಳವೆ ಇಳಿಸಿ ರಕ್ತ ತೆಗೆದರು. ಬಾಟಲಿ ಮುಕ್ಕಾಲು ತುಂಬಿತು. ಡಾಕ್ಟರ್ ಹಾಳೆ ತಿರುವಿದರು.

“ಬೆಳಿಗ್ಗೆ ಹಿಂದೇನೂ ಸರಿ ಅಂತ ನೀವೇ ಬರ್ದಿದ್ದೀರಲ್ಲ, ಸಿಸ್ಟರ್?”

ಹುಡುಗಿಯರೆಲ್ಲ ಅಲ್ಲೇ ನಿಂತಿದ್ದರು.

“ಹಿಂದೆ ನೋಡಿರಲಿಲ್ಲ. ನೋಡದೇ ಬರೆದೆ.”

ಮೇಸ್ತ್ರಿಯ ಹೆಂಡತಿ ತನ್ನ ಬೆರಳಿನ ಗೆಣ್ಣನ್ನು ಸವರಿಕೊಳ್ಳುತ್ತ ಹತ್ತಿರ ಬಂದಳು.

“ಹಾಗಾದ್ರೆ ನಾನು ತಟ್ಟಿದಾಗ ಕೇಳಿಸಿದ್ದು ಸರಿಯಾಗೇ ಇತ್ತಾ, ಸಿಸ್ಟರ್?”

“ಸರಿಯಾಗೇ ಇತ್ತಮ್ಮ,” ಎಂದೆ. “ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ.”