ಮರಕುಟಿಗದ ಕಾಲ್ಬೆರಳು

ಮೇಘನಾ ಬರೆದ ಹಕ್ಕಿಯನ್ನು ಯಾರಾದರೂ ಹೊಗಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಡುವುದೇನು? ರಿಪ್ಪನ್‌ಪೇಟೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಈ ಪುಷ್ಪರಾಜನೇ ಅವಳ ಕೈಗೆ ಬ್ರಷ್ ಕೊಟ್ಟವನು. ಈಗ ನನ್ನ ಚಿತ್ರ ನೋಡಿ ಜನ ಚೆನ್ನಾಗಿದೆ ಎಂದು ಮುಂದೆ ಹೋಗುತ್ತಾರೆ, ಅವಳ ಚಿತ್ರದ ಮುಂದೆ ನಿಂತೇಬಿಡುತ್ತಾರೆ.

ಈ ವರ್ಷ ತೀರ್ಥಹಳ್ಳಿಯ ಪಕ್ಷಿಪ್ರಿಯರ ಬಳಗ ಮಲೆನಾಡಿನ ಹಕ್ಕಿಗಳ ಪುಸ್ತಕ ತರಲು ಹೊರಟಿತು. ಮುಖಪುಟಕ್ಕೆ ನಮ್ಮ ಕಾಡಿನ ಹೊನ್ನಬೆನ್ನಿನ ಮರಕುಟಿಗ. ಯಾರ ಮರಕುಟಿಗ ಆಯ್ಕೆಯಾಗುತ್ತದೋ ಒಳಗಿನ ನೂರಿಪ್ಪತ್ತು ಹಕ್ಕಿಗಳನ್ನೂ ಅವರೇ ಬರೆಯಬೇಕು. ಇಪ್ಪತ್ತು ವರ್ಷದಿಂದ ನಾನು ಕಾದಿದ್ದೇ ಇಂಥ ಪುಸ್ತಕಕ್ಕೆ.

ನನ್ನದೂ ಒಂದು ಮರಕುಟಿಗ ಸಿದ್ಧವಾಗಿತ್ತು. ಕಳಿಸುವ ಹಿಂದಿನ ದಿನ ಮೇಘನಾ ತನ್ನ ಚಿತ್ರ ಹಿಡಿದು ಮನೆಗೆ ಬಂದಳು.

“ತಪ್ಪೇನಾದ್ರೂ ಇದ್ರೆ ಹೇಳಿ ಸರ್. ನೀವು ನೋಡ್ದೆ ನಾನು ಕಳ್ಸಲ್ಲ.”

ನೋಡಿದೆ. ಇನ್ನೇನು ಹಾರಿಯೇಬಿಡುತ್ತದೆ ಎನ್ನುವ ಹಾಗಿತ್ತು, ಹಾಳಾದ್ದು. ಆಮೇಲೆ ಕಾಲು ಕಂಡಿತು. ಮೂರೇ ಬೆರಳು! ಮರಕುಟಿಗಕ್ಕೆ ಮುಂದೆ ಎರಡು, ಹಿಂದೆ ಎರಡು ಎಂದು ಅವಳಿಗೆ ಕಲಿಸಿದವನೇ ನಾನು.

“ಫಸ್ಟ್ ಕ್ಲಾಸ್. ಹಿಂಗೇ ಕಳ್ಸು.”

“ಕಾಲೂ ಸರಿ ಇದ್ಯಾ ಸರ್?”

“ಕಾಲೇ ಚಂದ ಬಂದಿದೆ” ಎಂದೆ, ಗೋಡೆ ನೋಡುತ್ತ. ಅವತ್ತು, ನಮ್ಮ ಜೈನರ ರೂಢಿಯಂತೆ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಕೂತು ಎರಡೆರಡು ಸಲ ಬಡಿಸಿಕೊಂಡೆ.

ಆಯ್ಕೆಯ ದಿನ, ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮುಕುಂದಯ್ಯನವರು ಲೆನ್ಸ್ ಹಿಡಿದು ನೇರ ಅವಳ ಹಕ್ಕಿಯ ಕಾಲಿಗೇ ಬಂದರು. ನಾನೂ ಕತ್ತು ಚಾಚಿದೆ.

“ಭೇಷ್! ಈ ಜಾತಿಗೆ ಮೂರೇ ಬೆರಳು. ನಿಂಗೆ ಹೆಂಗೆ ಗೊತ್ತಾಯ್ತಮ್ಮ?”

“ಕಿಟಕಿ ಗಾಜಿಗೆ ಬಡ್ದು ಒಂದು ಸತ್ತಿತ್ತು ಸರ್. ಕೈಯಲ್ಲಿಟ್ಕೊಂಡು ನೋಡ್ದೆ.”

ಆ ಹಕ್ಕಿಯನ್ನು ಅವಳು ಮೊದಲು ತಂದದ್ದು ನನ್ನ ಬಾಗಿಲಿಗೆ. ಹಿಂದಿನ ಬ್ರಿಟಿಷ್ ಸಾಹೇಬರು ಹಕ್ಕಿಯನ್ನು ಹೊಡೆದು ತಂದು ಮೇಜಿನ ಮೇಲಿಟ್ಟು ಬರೆಯುತ್ತಿದ್ದರು, ನಾವು ಜೈನರು, ದೂರದಿಂದ ನೋಡಿಯೇ ಬರೆಯುವವರು ಎಂದು ಭಾಷಣ ಮಾಡಿ, ಹೂಳಲು ಕಳಿಸಿದ್ದೆ. ಮುಟ್ಟುವುದಿರಲಿ, ಬಗ್ಗಿಯೂ ನೋಡಿರಲಿಲ್ಲ.

ಮೇಘನಾ ಇನ್ನೂ ಹೇಳುತ್ತಿದ್ದಳು. “ಆದ್ರೂ ಧೈರ್ಯ ಇರ್ಲಿಲ್ಲ. ನಾಲ್ಕನೇದು ಸೇರ್ಸೋಣ ಅಂತಿದ್ದೆ. ನಮ್ ಸರ್ ನೋಡಿ, ಕಾಲು ಸರಿ ಇದೆ ಅಂದ್ರು. ಇದು ಅವರದ್ದೇ ಅಂತ ತಿಳ್ಕೊಳ್ಳಿ.”

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಮುಕುಂದಯ್ಯನವರು ಖುಷಿಯಿಂದ ನನ್ನ ಚಿತ್ರವನ್ನೂ ಹತ್ತಿರ ಎಳೆದುಕೊಂಡರು. ಲೆನ್ಸ್ ಕಾಲಿನ ಹತ್ತಿರ ನಿಂತಿತು.

“ಇದೆಂತ ಮಾರಾಯ್ರೇ, ನಿಮ್ದಕ್ಕೆ ನಾಲ್ಕಿದ್ಯಲ್ಲ?”

ಮೇಘನಾ ಎರಡೂ ಚಿತ್ರಗಳನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳ ನಗು ಇಳಿಯಿತು. ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದಳು:

“ತಪ್ಪು ಅಂದ್ಕೊಂಡೇ ಕಳ್ಸು ಅಂದ್ರಾ ಸರ್?”