ಕಣತಲೆಯ ಮೇಲೊಂದು ಬೆರಳು

ನಕ್ಕಳು ಕಣೋ ಬಚ್ಚಾ, ನಿಮ್ಮಪ್ಪನ ಹೆಣದ ಮುಂದೆ ನಿಂತು ನಕ್ಕಳು ಈ ಮೂದೇವಿ, ಊರೋರೆಲ್ಲಾ ನೋಡವ್ರೆ — ಅತ್ತೆ ಮತ್ತೆ ಶುರುಮಾಡಿದಳು, ಸೂತಕಕ್ಕೆ ಮನೆಯ ಮಗ್ಗಗಳು ನಿಂತಿವೆ, ಇವಳ ಬಾಯಿ ನಿಂತಿಲ್ಲ, ಅವತ್ತು ನಾನೆಲ್ಲಿ ನಕ್ಕೆ, ಅಳು ತಡೆಯಲು ಹಲ್ಲು ಕಚ್ಚಿದೆ, ಕಚ್ಚಿದರೆ ನನ್ನ ಎಡತುಟಿ ಮೇಲೇಳುತ್ತದೆ, ಡಾಕ್ಟರು ಹೊಲಿದಿರುವುದೇ ಹಾಗೆ, ಎಷ್ಟು ಸಲ ಹೇಳಲಿ ಇವರಿಗೆ. ಚಿಕ್ಕವಳಿದ್ದಾಗ ಕಿವಿ ಸೋರಿ ಬಿದ್ದುಹೋದ ಮುಖ, ಎಡಗಡೆಯೆಲ್ಲ ಒದ್ದೆಬಟ್ಟೆಯ ಹಾಗೆ ಜೋತು, ಕಾಫಿ ಕುಡಿದರೆ ಅರ್ಧ ಸೀರೆಯ ಮೇಲೆ, ಸೊಟ್ಟಬಾಯಿ ಮುತ್ಯಾಲೂನ ಯಾರು ಮಾಡ್ಕೊಂಡಾರು — ಸೋದರಮಾವ ಆದಿನಾರಾಯಣಪ್ಪನವರೇ ಮಗನಿಗೆ ತಂದುಕೊಂಡರು, ನನಗೆ ನಲವತ್ತು ದಾಟಿದ ಮೇಲೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ, ಗಂಡನಲ್ಲ. ಮುಖದ ನರ ಸತ್ತು ಬಹಳ ಕಾಲ ಆಗಿದೆಯಮ್ಮ, ಕಣ್ಣಿನ ಪಕ್ಕ, ಕಣತಲೆ ಹತ್ರ ಅಗಿಯೋ ಸ್ನಾಯು ಇದೆಯಲ್ಲ, ಅದನ್ನ ಇಳಿಸಿ ತುಟಿ ಮೂಲೆಗೆ ಹೊಲೀತೀವಿ, ಹಲ್ಲು ಕಚ್ಚಿದ್ರೆ ನಗು ಬರುತ್ತೆ, ಅಭ್ಯಾಸ ಮಾಡ್ಬೇಕು ಅಂದರು ಡಾಕ್ಟರು. ಅಭ್ಯಾಸ ಮಾಡಿಸಿದ್ದೂ ಮಾವನೇ, ಮಗ್ಗದ ಸದ್ದಿನಲ್ಲಿ ಮಾತು ಎಲ್ಲಿ ಕೇಳಿಸುತ್ತದೆ, ನಮ್ಮದೆಲ್ಲ ಕೈಸನ್ನೆ, ಅಂಗೈ ಎತ್ತಿದರೆ ಮಗ್ಗ ನಿಲ್ಲಿಸು, ಕಣತಲೆಯ ಮೇಲೆ ಬೆರಳಿಟ್ಟರೆ — ಅದು ನನಗೊಬ್ಬಳಿಗೇ — ಕಚ್ಚು ಮುತ್ಯಾಲೂ, ನಾನು ಕಚ್ಚುತ್ತೇನೆ, ತುಟಿ ಏಳುತ್ತದೆ, ಲಾಳಿ ಓಡುತ್ತಿದ್ದರೂ ಮಾವ ಮಗುವಿನ ಹಾಗೆ ನಗುತ್ತಾರೆ. ಅವತ್ತು ಮಾವನ ಬಾಯಿಗೆ ಅಕ್ಕಿ ಹಾಕಲು ಬಗ್ಗಿದೆ, ದವಡೆ ಬಿಗಿದು ಕಟ್ಟಿದ ಬಿಳಿಬಟ್ಟೆ ಸರಿಯಾಗಿ ಆ ಕಣತಲೆಯ ಮೇಲೇ ಹಾದಿತ್ತು, ಬೆರಳಿಡುತ್ತಿದ್ದ ಜಾಗ, ಕಚ್ಚದೆ ಏನು ಮಾಡಲಿ. ನಾಳೆ ತಿಥಿ ಕಣೇ, ನೆಂಟರ ಮುಂದೆ ಅವ್ವನ ಕಾಲು ಹಿಡಿದು, ತಪ್ಪಾಯ್ತು, ನಕ್ಬಿಟ್ಟೆ ಅಂದ್ಬಿಡು, ಸೆರಗು ಬಾಯಿಗಡ್ಡ ಇಟ್ಕೋ, ಮುಗೀತದೆ, ಆಗಲ್ಲ ಅಂದ್ರೆ ಈ ಮನೇಲಿ ಇರ್ಬೇಡ — ಬಚ್ಚಪ್ಪ, ನೆಲ ನೋಡಿಕೊಂಡು ಹೇಳುತ್ತಾನೆ, ನನ್ನ ಗಂಡ. ಸೆರಗು ಅಡ್ಡ ಇಟ್ಟುಕೊಂಡೇ ಅರ್ಧ ಆಯಸ್ಸು ಕಳೆದೆ, ಇನ್ನೂ ಇಡಬೇಕಂತೆ, ಮಾವ ಬಾಯಿಂದ ತೆಗೆಸಿದ ಸೆರಗನ್ನು ಮಾವನ ತಿಥಿಯಲ್ಲೇ. ಸಿಟ್ಟು ನೆತ್ತಿಗೇರಿತು, ಹಲ್ಲು ಕಚ್ಚಿದೆ, ತುಟಿ ಎದ್ದಿರಬೇಕು, ನೋಡೋ, ನೋಡೋ, ಈಗಲೂ ನಗ್ತಾವ್ಳೆ! ಹೌದು ಅತ್ತೆ, ಅವತ್ತು ನಗಲಿಲ್ಲ, ಈಗ ನಗ್ತಾ ಇದೀನಿ, ಕಣ್ತುಂಬ ನೋಡ್ಕೊಳ್ಳಿ. ನಾಳೆ ಎಡೆ ಇಡೋರು ಯಾರೇ — ನೀವೇ ಇಡಿ. ಹೊಸ್ತಿಲು ದಾಟಿದೆ, ಬಾಶೆಟ್ಟಿಹಳ್ಳಿಯಲ್ಲಿ ತಂಗಿ ಬೈರಮ್ಮ ಇದ್ದಾಳೆ, ದುಡಿಯಲು ಕೈ ಇವೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದೇನೆ, ನೋಡುವವರು ನೋಡಲಿ, ಬಚ್ಚಪ್ಪ ಹಿಂದೆ ಕೂಗುತ್ತಿರಬಹುದು, ಬೀದಿಯುದ್ದಕ್ಕೂ ಪಕ್ಕದ ಮನೆಗಳ ಮಗ್ಗ, ಏನೂ ಕೇಳಿಸದು, ನಾನಂತೂ ಇನ್ನು ಈ ಬೀದಿಗೆ ಬರುವವಳಲ್ಲ, ಕೇಳಿಸದ ಕಡೆ ಸನ್ನೆ ಸಾಕು, ಕಣ್ಣ ಮುಂದೆ ಮಗ್ಗದ ಆಚೆ ಮಾವ, ಓಡುವ ಲಾಳಿ, ರೇಷ್ಮೆಯ ನವಿರು ಅಂಟಿದ ಬೆರಳು, ಕಣತಲೆಯ ಮೇಲೆ ಆ ಬೆರಳು, ಆ ಬೆರಳು —